ದಾರಿ ಕ್ಷಮಿಸುವ ಊರು

ಆ ಊರಿನಲ್ಲಿ ಬಿದ್ದವರದೇ ತಪ್ಪು.

ಈ ನಿಯಮವನ್ನು ಯಾರು ಮಾಡಿದರೆಂದು ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ಯಾರು ಬದಲಿಸಬೇಕೆಂದೂ ತಿಳಿದಿರಲಿಲ್ಲ. ಬೀದಿಯಲ್ಲಿ ಯಾರಾದರೂ ಬಿದ್ದರೆ ಸುತ್ತಲಿನವರು ಇದ್ದಲ್ಲೇ ನಿಲ್ಲಬೇಕು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಬಿದ್ದವರು ಬಲ ಅಂಗೈಯನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಮುಟ್ಟಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಬೇಕು:

"ತಪ್ಪು ನನ್ನದು, ದಾರಿಯದಲ್ಲ."

ಆಗ ನಿಂತವರು ಒಂದೇ ದನಿಯಲ್ಲಿ ಹೇಳಬೇಕು:

"ದಾರಿ ಕ್ಷಮಿಸಿತು."

ಆ ಮೇಲೆ ಕೈಗಳು ಬೆನ್ನ ಹಿಂದಿನಿಂದ ಹೊರಗೆ ಬರುತ್ತಿದ್ದವು. ಆ ಊರಿನವರು ಕರುಣೆಯಿಲ್ಲದವರಲ್ಲ. ಮಾತು ಮುಗಿದದ್ದೇ ಹತ್ತಿರ ಬರುತ್ತಿದ್ದರು, ಎತ್ತಿ ಕೂರಿಸುತ್ತಿದ್ದರು, ಮೈಯ ಮಣ್ಣು ಕೊಡವುತ್ತಿದ್ದರು, ನೀರು ತಂದು ಕುಡಿಸುತ್ತಿದ್ದರು. ಮಾತು ಮುಗಿಯುವ ತನಕ ಮಾತ್ರ, ಬಿದ್ದದ್ದು ಹೆತ್ತ ಮಗುವೇ ಆದರೂ, ಕೈ ಚಾಚುವಂತಿರಲಿಲ್ಲ.

ಹಿಂದೆ ಆ ಊರಿನ ಬೀದಿಗಳಿಗೆ ಕಲ್ಲಿನ ಚಪ್ಪಡಿ ಹಾಸಿದ್ದರು. ನಡುವೆ ಗಾಡಿಗಳು ಹೋಗಲು, ಎರಡು ಬದಿಗೆ ಜನ ನಡೆಯಲು. ಯಾವುದೋ ಮಳೆಗಾಲದಲ್ಲಿ ಒಂದು ಚಪ್ಪಡಿ ಸಡಿಲವಾಯಿತು. ಅದನ್ನು ಮತ್ತೆ ಕೂರಿಸುವ ಬದಲು ಎದುರು ಮನೆಯವನು ಎತ್ತಿಕೊಂಡು ಹೋಗಿ ತನ್ನ ಬಾಗಿಲಿಗೆ ಮೆಟ್ಟಿಲು ಮಾಡಿಕೊಂಡ. ಅವನನ್ನು ನೋಡಿ ಪಕ್ಕದ ಮನೆಯವಳು ಇನ್ನೊಂದನ್ನು ಒಯ್ದು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಳು. ಹೀಗೆ ಬೀದಿ ಸ್ವಲ್ಪಸ್ವಲ್ಪವೇ ಮನೆಗಳ ಒಳಗೆ ಹೋಯಿತು. ಕದ್ದೆವೆಂದು ಯಾರೂ ಅಂದುಕೊಳ್ಳಲಿಲ್ಲ. ಅಲ್ಲಾಡುತ್ತಿತ್ತು, ತಂದೆವು, ಎನ್ನುತ್ತಿದ್ದರು. ಚಪ್ಪಡಿ ಹೋದಲ್ಲಿ ಮಣ್ಣು ಕುಸಿಯಿತು, ಮಣ್ಣು ಕುಸಿದಲ್ಲಿ ನೀರು ನಿಂತಿತು, ನೀರು ನಿಂತಲ್ಲಿ ಗುಂಡಿಯಾಯಿತು. ಮನೆಯೊಳಗಿನ ಕಲ್ಲಿಗೆ ಒಡೆಯರಿದ್ದರು. ಬೀದಿಯ ಗುಂಡಿಗೆ ಯಾರೂ ಇರಲಿಲ್ಲ.

ಬೀಳಬಾರದೆಂದು ಜನ ತಲೆ ತಗ್ಗಿಸಿ ನಡೆಯುವುದನ್ನು ಕಲಿತರು. ಮಗು ಹೆಜ್ಜೆ ಹಾಕಲು ತೊಡಗಿದ ದಿನವೇ ಅದರ ಹಿಂದಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಬಾಗಿಸಿ, ಕೆಳಗೆ ನೋಡು ಕಂದಾ, ಎಂದು ಕಲಿಸುತ್ತಿದ್ದರು. ತಲೆ ತಗ್ಗಿಸಿ ತಗ್ಗಿಸಿ ಒಬ್ಬರ ಮುಖ ಒಬ್ಬರಿಗೆ ಮರೆತುಹೋಯಿತು. ಪಾದಗಳಿಂದಲೇ ಗುರುತು ಹಿಡಿಯುತ್ತಿದ್ದರು. ಬಿರುಕು ಹಿಮ್ಮಡಿಯವರು, ಸೊಟ್ಟ ಹೆಬ್ಬೆರಳಿನವರು, ಕಾಲುಂಗುರ ಸಡಿಲವಾದವರು. ಹೆಣ್ಣು ನೋಡಲು ಬಂದವರು ಪಾದ ನೋಡಿ ಒಪ್ಪಿ, ಉಪ್ಪಿಟ್ಟು ತಿಂದು ಹೋಗುತ್ತಿದ್ದರು.

ಬೀದಿಯ ಒಂದು ತುದಿಯಲ್ಲಿ ಚಾವಡಿ ಇತ್ತು. ಚಾವಡಿಯ ಜಗಲಿಯ ಮೇಲೆ ಊರಿನ ಯಜಮಾನ ಕೂರುತ್ತಿದ್ದ. ಅವನು ಒಮ್ಮೆಯೂ ಬಿದ್ದವನಲ್ಲ. ಅದಕ್ಕೇ ಎಲ್ಲರಿಗಿಂತ ನಿರ್ದೋಷಿ ಅವನೇ ಎಂದು ಜನ ನಂಬಿದ್ದರು. ಬೀದಿಗೆ ಇಳಿದವರು ತಾನೇ ಬೀಳುವುದು ಎಂದು ಯಾರೂ ಹೇಳಲಿಲ್ಲ.

ಬೀದಿಯ ಇನ್ನೊಂದು ತುದಿಯಲ್ಲಿ ಸೂಲಗಿತ್ತಿಯ ಮನೆ.

ಊರಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವರು. ಈಗ ಮುದುಕರಾಗುತ್ತಿರುವವರಲ್ಲೂ ಕೆಲವರು. ಯಾವ ಹೊತ್ತಿನಲ್ಲಿ ಯಾರು ಕರೆದರೂ ಆ ಬೀದಿಯಲ್ಲಿ ನಡೆದು ಹೋಗುತ್ತಿದ್ದವಳು ಅವಳು. ಬಿದ್ದದ್ದೂ ಉಂಟು. ಬಿದ್ದಾಗಲೆಲ್ಲ ಅಂಗೈ ಒತ್ತಿ, ಕಣ್ಣಿಗೆ ಮುಟ್ಟಿಸಿ, ಹೇಳಬೇಕಾದ ಮಾತನ್ನು ಬೇಗ ಹೇಳಿ, ಎದ್ದು ಹೋಗುತ್ತಿದ್ದಳು. ಬಸುರಿಯರು ಕಾಯುತ್ತಿರುತ್ತಾರೆ. ಮಾತಿಗೆಲ್ಲಿ ಹೊತ್ತು?

ಈಗ ಅವಳ ಮಗಳೇ ತುಂಬು ಬಸುರಿಯಾಗಿ ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದಳು. ದಿನ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಸೂಲಗಿತ್ತಿ ಬಾಣಂತಿಯ ಕಷಾಯಕ್ಕೆ ಬೇಕಾದ ಬೇರು ತರಲು ಹೊರಟಳು. ತಲೆ ತಗ್ಗಿಸಿಯೇ ನಡೆದಳು. ಆದರೂ ಬೀದಿಯ ನಡುಭಾಗದಲ್ಲಿ, ಗಟ್ಟಿಯಾಗಿ ಕಂಡ ನೆಲ ಅವಳ ಕಾಲ ಕೆಳಗೆ ಒಡೆಯಿತು. ಅವಳು ಗುಂಡಿಯ ತಳದಲ್ಲಿದ್ದಳು. ಬಲಗಾಲಿನ ಗಿಣ್ಣು ಮುರಿದಿತ್ತು.

ಬೀದಿ ನಿಂತಿತು. ಕೈಗಳು ಬೆನ್ನ ಹಿಂದೆ ಹೋದವು.

ಸೂಲಗಿತ್ತಿ ಬಲ ಅಂಗೈಯನ್ನು ಚಾಚಿ ದಾರಿಯನ್ನು ಹುಡುಕಿದಳು. ಕೈಗೆ ಕೆಸರು ಸಿಕ್ಕಿತು. ಇನ್ನೊಂದು ಕಡೆ ಚಾಚಿದಳು. ಅಲ್ಲೂ ಕೆಸರು. ಆಮೇಲೆ ತಲೆ ಎತ್ತಿ ಮೇಲೆ ನೋಡಿದಳು.

ಗುಂಡಿಯ ಅಂಚಿನ ಸುತ್ತ ಬಾಗಿದ ತಲೆಗಳು. ತಳದಿಂದ ನೋಡಿದರೆ, ಬಾಗಿದ ತಲೆಗಳಿಗೆಲ್ಲ ಮುಖಗಳಿದ್ದವು. ಹುಟ್ಟಿದ ಮೊದಲ ಗಳಿಗೆಯಲ್ಲಿ ನೋಡಿದ್ದ ಮುಖಗಳನ್ನು ಅವಳು ಆಮೇಲೆ ನೋಡಿಯೇ ಇರಲಿಲ್ಲ. ಅದೇ ಮೂಗು, ಅದೇ ಹುಬ್ಬು. ಒಂದೊಂದನ್ನೂ ಗುರುತು ಹಿಡಿದಳು. ಅವು ಕಾಯುತ್ತಿದ್ದವು.

"ಹೇಳಕ್ಕಾ," ಎಂದ ಬಳೆಗಾರ.

ಅವನು ಬಳೆಯ ಮಲಾರ ಹೊತ್ತು ಬೀದಿ ಬೀದಿ ತಿರುಗುವವನು. ಊರಿನಲ್ಲಿ ಅವನಷ್ಟು ಬಿದ್ದವರಿಲ್ಲ. ಬಿದ್ದಾಗಲೆಲ್ಲ ಬಳೆ ಒಡೆಯುತ್ತಿದ್ದವು, ಒಡೆದ ಚೂರುಗಳ ನಡುವೆ ಕೂತೇ ನಿಯಮದ ಮಾತನ್ನು ಹಾಡಿನಂತೆ ಹೇಳಿಬಿಡುತ್ತಿದ್ದ.

"ಇಲ್ಲಿ ದಾರಿ ಇಲ್ಲವಲ್ಲೋ ತಮ್ಮಾ," ಎಂದಳು ಸೂಲಗಿತ್ತಿ. "ನೋಡು, ಬರೀ ಕೆಸರು. ಯಾರ ಹತ್ತಿರ ಕ್ಷಮೆ ಕೇಳಲಿ?"

"ಅಯ್ಯೋ, ಇದ್ದರೇನು ಇಲ್ಲದಿದ್ದರೇನು! ಮಾತು ಹೇಳು, ಮೇಲೆ ಬಾ. ನಾನು ಬೀಳೋಕೆ ಮುಂಚೇನೇ ಹೇಳಿಟ್ಟಿರ್ತೀನಿ."

ಯಾರೋ ನಕ್ಕರು. ಸೂಲಗಿತ್ತಿ ನಗಲಿಲ್ಲ.

"ಇವರನ್ನೆಲ್ಲ ನಾನು ಕೈ ಹಿಡಿದು ಹೊರಗೆ ಎಳೆದವಳು. ಕತ್ತಲಲ್ಲಿ ಸಿಕ್ಕಿಕೊಂಡು ಉಸಿರುಗಟ್ಟುತ್ತಿದ್ದವರನ್ನು. ಯಾರ ಬಾಯಿಂದಲೂ ಮೊದಲು ತಪ್ಪು ಒಪ್ಪಿಸಲಿಲ್ಲ. ನಾನು ಹೇಳಲ್ಲ."

ಆ ಊರಿನಲ್ಲಿ ಆ ಮಾತನ್ನು ಅದಕ್ಕೆ ಮುಂಚೆ ಯಾರೂ ಆಡಿರಲಿಲ್ಲ. ಜನರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೇಳಿದವರನ್ನು ಎತ್ತುವುದು ಗೊತ್ತಿತ್ತು. ಹೇಳುವವರೆಗೆ ಕಾಯುವುದು ಗೊತ್ತಿತ್ತು. ಹೇಳುವುದಿಲ್ಲ ಎಂದವರ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಗೊತ್ತಿರಲಿಲ್ಲ. ಬಿಸಿಲೇರಿದಾಗ ಒಬ್ಬೊಬ್ಬರಾಗಿ, ಬೆನ್ನ ಹಿಂದಿನ ಕೈಗಳನ್ನು ಬಿಚ್ಚದೆಯೇ, ಹೊರಟುಹೋದರು.

ಮಧ್ಯಾಹ್ನ ಯಜಮಾನ ಡಂಗುರದವನನ್ನು ಕಳಿಸಿದ. ಡಂಗುರದವನು ಗುಂಡಿಯ ಅಂಚಿನಲ್ಲಿ ನಿಂತು ತಮಟೆ ಬಾರಿಸಿ ಕೂಗಿದ:

"ಕೇಳ್ರಪ್ಪೋ ಕೇಳ್ರೀ! ಬಿದ್ದವಳು ಬಾಯಿ ಬಿಡೋ ತನಕ ಯಾರೂ ಕೈ ಕೊಡಬಾರದು, ಹೆಗಲು ಕೊಡಬಾರದು, ಹಗ್ಗ ಕೊಡಬಾರದು!"

"ಮೆಲ್ಲಗೆ ಕೂಗೋ, ಇಲ್ಲೇ ಇದ್ದೀನಿ," ಎಂದಳು ಸೂಲಗಿತ್ತಿ ಕೆಳಗಿನಿಂದ. "ನೀನು ಹುಟ್ಟಿದಾಗ ಅಳಲೇ ಇಲ್ಲ. ತಲೆಕೆಳಗೆ ಹಿಡಿದು ಅಂಡಿನ ಮೇಲೆ ಎರಡು ಬಾರಿಸಿದ ಮೇಲೆ ಬಾಯಿಬಿಟ್ಟೆ. ನಾನು ಆಗ ಹೊಡೆಯದೇ ಇದ್ದಿದ್ದರೆ ಊರು ಇವತ್ತು ನೆಮ್ಮದಿಯಾಗಿರುತ್ತಿತ್ತು."

ಡಂಗುರದವನು ಕೆಳಗೆ ನೋಡಿದ. ಇಷ್ಟು ದಿನ ಅವನು ಕೆಳಗೆ ನೋಡಿದಾಗ ಕಂಡದ್ದು ನೆಲ. ಈಗ ಎರಡು ಕಣ್ಣುಗಳು ಕಂಡವು. ಅವನ ತಮಟೆಯ ಕೋಲು ತಪ್ಪಿತು.

"ಹಾಗೆಲ್ಲ ನೋಡಬೇಡವ್ವಾ," ಎಂದ. "ನನ್ನ ಕೆಲಸ ನಾನು ಮಾಡಬೇಕಲ್ಲ."

"ಮಾಡಪ್ಪಾ. ಯಾರು ಬೇಡ ಅಂದರು?"

ಸಂಜೆಗೆ ಬಳೆಗಾರ ಒಂದು ತಟ್ಟೆಯಲ್ಲಿ ರೊಟ್ಟಿ, ಪಲ್ಯ ಇಟ್ಟು ತಟ್ಟೆಯನ್ನು ಅಂಚಿನಿಂದ ಜಾರಿಸಿ ಬಿಟ್ಟ. ದೂರ ನಿಂತ ಯಾರೋ, ಏನು ಮಾಡ್ತಿದ್ದೀಯ, ನಿಯಮ ಇಲ್ಲವಾ, ಎಂದು ಗದರಿದರು.

"ಕೈ ಕೊಡಬಾರದು ಅಂತ ಕೂಗಿದ, ಹೆಗಲು ಕೊಡಬಾರದು ಅಂತ ಕೂಗಿದ," ಎಂದ ಬಳೆಗಾರ. "ರೊಟ್ಟಿ ಕೊಡಬಾರದು ಅಂತ ಎಲ್ಲಿ ಕೂಗಿದ? ನಾನು ಕಿವಿಗೊಟ್ಟು ಕೇಳಿದ್ದೀನಿ."

ಮರುದಿನ ಬೆಳಿಗ್ಗೆ ಊರು ಎಂದಿನಂತೆ ತಲೆ ತಗ್ಗಿಸಿ ಬೀದಿಗೆ ಇಳಿಯಿತು. ಆದರೆ ತಗ್ಗಿದ ತಲೆಗಳು ಆ ಗುಂಡಿಯ ಹತ್ತಿರ ಬಂದಾಗ ಒಂದು ಮುಖವನ್ನು ಎದುರಿಸಬೇಕಾಯಿತು. ಅವಳು ಯಾರನ್ನೂ ಬೈಯಲಿಲ್ಲ. ನೋಡಿದಳು, ಅಷ್ಟೇ. ಆ ನೋಟ ತಪ್ಪಿಸಲೆಂದು ಕೆಲವರು ತಲೆ ಎತ್ತಿದರು. ತಲೆ ಎತ್ತಿದವರು ಮುಂದಿನ ಗುಂಡಿಯಲ್ಲಿ ಬಿದ್ದರು. ಬಿದ್ದು, ಅಂಗೈ ಒತ್ತಿ, ಬಾಯಿ ತೆರೆದು, ಒಂದು ಕ್ಷಣ ಸುಮ್ಮನಾದರು. ಅತ್ತ ತಿರುಗಿ ನೋಡಿದರು. ಆಮೇಲೆ ಹೇಳಿದರು. ಹೇಳಿದರೇನೋ ನಿಜ, ಆದರೆ ಮೊದಲಿನ ಹಾಗೆ ಹೇಳಲಿಲ್ಲ. ದಾರಿ ಕ್ಷಮಿಸಿತು ಎನ್ನಬೇಕಾದವರೂ ಮೊದಲಿನ ಹಾಗೆ ಅನ್ನಲಿಲ್ಲ.

ಆ ಒಂದು ಕ್ಷಣದ ಮೌನ ಚಾವಡಿಗೆ ಮುಟ್ಟಿತು.

ಯಜಮಾನ ಬಂದ. ಕುರ್ಚಿಯಲ್ಲಿ ಕೂತು, ಆಳುಗಳ ಹೆಗಲ ಮೇಲೆ ಬಂದ. ಆಳುಗಳು ಗುಂಡಿಗಳನ್ನು ಬಳಸಿ ಬಳಸಿ, ಬೆವರುತ್ತಾ, ಕುರ್ಚಿಯನ್ನು ಅಂಚಿನಲ್ಲಿ ಇಳಿಸಿದರು. ಯಜಮಾನ ಕೆಟ್ಟವನಂತೆ ಮಾತಾಡಲಿಲ್ಲ. ಅವನ ದನಿ ಯಾವಾಗಲೂ ಮೃದು.

"ಏನು ತಾಯಿ ಇದು? ಮನೆಯಲ್ಲಿ ಮಗಳು ಬಸುರಿ. ನೀನು ಇಲ್ಲಿ ಕೂತರೆ ಹೇಗೆ?"

"ಕೂತಿಲ್ಲ ಯಜಮಾನ್ರೇ. ಬಿದ್ದಿದ್ದೀನಿ."

"ಬೀಳೋದು ಎಲ್ಲರೂ ಬೀಳ್ತಾರೆ. ಒಂದು ಮಾತು. ಅದರಿಂದ ನಾಲಗೆ ಸವೆಯುತ್ತಾ?"

"ಸವೆದೇ ಹೋಗಿದೆ. ಅದಕ್ಕೇ ಏಳ್ತಾ ಇಲ್ಲ."

"ನೋಡು ತಾಯಿ, ನಾನು ಕ್ರೂರಿಯಲ್ಲ. ಎಲ್ಲರ ಮುಂದೆ ಬೇಡ, ನನಗೊಬ್ಬನಿಗೆ ಕೇಳೋ ಹಾಗೆ ಹೇಳು. ತುಟಿ ಅಲ್ಲಾಡಿಸು ಸಾಕು. ಎತ್ತಿಸಿಬಿಡ್ತೀನಿ."

"ದಾರಿ ತುಟಿ ಅಲ್ಲಾಡಿಸಲಿ. ಆಮೇಲೆ ನಾನು."

ಅಂಚಿನಲ್ಲಿ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು.

"ದಾರಿ ಮಾತಾಡಲ್ಲ," ಎಂದ ಯಜಮಾನ. "ಅದರ ಪರವಾಗಿ ಮಾತಾಡೋದು ನಾನು. ಸಂಜೆವರೆಗೆ ನೋಡ್ತೀನಿ. ಆಮೇಲೆ ರೊಟ್ಟಿಯೂ ಇಲ್ಲ, ನೀರೂ ಇಲ್ಲ."

ಆಗಲೇ ಬೀದಿಯ ತುದಿಯಿಂದ ಪಕ್ಕದ ಮನೆಯ ಹೆಂಗಸು ಓಡಿ ಬಂದಳು. ಸೂಲಗಿತ್ತಿಯ ಮಗಳಿಗೆ ನೋವು ಶುರುವಾಗಿದೆ, ನೀರು ಒಡೆದಿದೆ ಎಂದಳು. ಊರಿನಲ್ಲಿ ಇನ್ನೊಬ್ಬ ಸೂಲಗಿತ್ತಿ ಇಲ್ಲ.

ಎಲ್ಲರ ಕೈಗಳು ಬೆನ್ನ ಹಿಂದೆ ಹೋದವು. ಈ ಸಲ ಒಳ್ಳೆಯ ಮನಸ್ಸಿನಿಂದಲೇ, ಬೇಗ ಬಿಚ್ಚುವ ಆತುರದಿಂದಲೇ ಹೋದವು.

"ಹೇಳಕ್ಕಾ," ಎಂದ ಬಳೆಗಾರ. ಅವನ ಕಣ್ಣು ತುಂಬಿತ್ತು. "ಮಗಳಿಗೋಸ್ಕರ ಹೇಳಿಬಿಡು."

ಸೂಲಗಿತ್ತಿ ಮುರಿದ ಕಾಲನ್ನು ಎಳೆದುಕೊಂಡು ಗೋಡೆಯ ಮಣ್ಣನ್ನು ಹಿಡಿದಳು. ಮಣ್ಣು ಕೈಗೆ ಬಂತು. ಮತ್ತೆ ಹಿಡಿದಳು, ಮತ್ತೆ ಬಂತು. ಆಮೇಲೆ ಅವಳು ಬಲ ಅಂಗೈಯನ್ನು ನಿಧಾನವಾಗಿ ಕೆಸರಿಗೆ ಒತ್ತಿದಳು. ಎತ್ತಿ ಕಣ್ಣಿಗೆ ಮುಟ್ಟಿಸಿದಳು. ಕೆನ್ನೆಯ ಮೇಲೆ ಕೆಸರು ಇಳಿಯಿತು. ಬಾಯಿ ತೆರೆದಳು.

"ಹೇಳಬೇಡವ್ವಾ."

ಮಗಳು ಬಂದಿದ್ದಳು. ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದನ್ನು ಮನೆಗಳ ಗೋಡೆಗೆ ಊರಿ, ನೋವು ಬಂದಾಗ ನಿಂತು, ಹೋದಾಗ ನಡೆದು, ಆ ಬೀದಿಯಲ್ಲಿ ಅಷ್ಟು ದೂರ ಬಂದಿದ್ದಳು. ಅಂಚಿನಲ್ಲಿ ಕೂತು ಕೆಳಗೆ ಬಾಗಿದಳು.

"ಅವತ್ತು, ಮೊದಲ ಬಸುರಿನಲ್ಲಿ ಇದೇ ಬೀದಿಯಲ್ಲಿ ಬಿದ್ದಾಗ, ನಾನು ಹೇಳಿದೆ," ಎಂದಳು. "ನೀನು ಎದುರಿಗೇ ನಿಂತಿದ್ದೆ. ಕೈ ಹಿಂದೆ ಕಟ್ಟಿಕೊಂಡು, ಬೇಗ ಹೇಳು ಮಗಳೇ, ಬೇಗ ಹೇಳು, ಅಂತ ಅಳುತ್ತಿದ್ದೆ. ನನಗೆ ಉಸಿರೇ ಬರುತ್ತಿರಲಿಲ್ಲ. ಕೊನೆಗೆ ಹೇಳಿದೆ. ದಾರಿ ಕ್ಷಮಿಸಿತು. ಮಗು ಉಳಿಯಲಿಲ್ಲ."

ಊರಿನವರೆಲ್ಲ ಆ ದಿನ ಅಲ್ಲಿದ್ದವರೇ. ಎಲ್ಲರೂ ನೆಲ ನೋಡಿದರು. ನೆಲದಲ್ಲಿ ಸೂಲಗಿತ್ತಿಯ ಮುಖವಿತ್ತು.

"ಹಾಗಾದರೆ ಈ ಮಗುವಿನ ಗತಿ ಏನೇ?" ಎಂದಳು ಸೂಲಗಿತ್ತಿ. "ನಾನು ಮೇಲೆ ಬರೋದು ಹೇಗೆ?"

ಮಗಳಿಗೆ ನೋವು ಬಂತು. ಹಲ್ಲು ಕಚ್ಚಿ ಅದನ್ನು ದಾಟಿಸಿದಳು. ಆಮೇಲೆ ಬಳೆಗಾರನ ಕಡೆ ತಿರುಗಿದಳು.

"ಮಾವಾ, ನಮ್ಮ ಮನೆಗೆ ಹೋಗಿ. ಬಚ್ಚಲಲ್ಲಿ ಬಾಣಂತಿಯರಿಗೆ ನೀರು ಹಾಕೋ ಕಲ್ಲು ಇದೆಯಲ್ಲ, ಅದನ್ನು ಕಿತ್ತು ತನ್ನಿ."

"ಬಚ್ಚಲ ಕಲ್ಲಾ? ಅದೇನು ಮಾಡ್ತೀಯವ್ವಾ ಈಗ?"

"ಅದು ಇಲ್ಲೀದೇ. ನಮ್ಮ ಅಜ್ಜಿ ಇಲ್ಲಿಂದಲೇ ತಂದದ್ದು. ಅವ್ವನ್ನ ಎತ್ತೋ ಹಾಗಿಲ್ಲ ಅಲ್ಲವಾ? ದಾರೀನ ಎತ್ತೋಣ."

ಬಳೆಗಾರ ಮಲಾರವನ್ನು ಕೆಳಗಿಟ್ಟ. ಬಳೆಗಳು ಕಿಣಿಕಿಣಿ ಎಂದವು. ಅವನು ಓಡಿದ. ಆ ಬೀದಿಯಲ್ಲಿ ಒಬ್ಬ ಗಂಡಸು ಓಡಿದ್ದನ್ನು ಜನ ಎಂದೂ ನೋಡಿರಲಿಲ್ಲ. ಎರಡು ಕಡೆ ಬಿದ್ದ. ಬಿದ್ದಲ್ಲಿ ಏನೂ ಹೇಳಲಿಲ್ಲ. ತಾನೇ ಎದ್ದು ಓಡಿದ.

ಅವನು ತಂದ ಕಲ್ಲು ಬಾಣಂತಿಯರ ಎಣ್ಣೆಯಿಂದ, ಸೀಗೆಯಿಂದ, ಬಿಸಿನೀರಿನಿಂದ ನುಣುಪಾಗಿತ್ತು. ಅದನ್ನು ಅಂಚಿನಿಂದ ಮೆಲ್ಲಗೆ ಇಳಿಸಿದ. ಸೂಲಗಿತ್ತಿ ಒಂದು ಬದಿಗೆ ಸರಿದು ಜಾಗ ಬಿಟ್ಟಳು; ಕಲ್ಲು ತಳದಲ್ಲಿ ಕೂತಿತು; ಅವಳು ಕಾಲನ್ನು ಕೈಯಲ್ಲಿ ಎತ್ತಿಟ್ಟುಕೊಂಡು ಕಲ್ಲಿನ ಮೇಲೆ ಸರಿದು ಕೂತಳು. ಅವಳ ತಲೆ ಒಂದು ಗೇಣಿನಷ್ಟು ಮೇಲೆ ಬಂತು.

"ನಿಲ್ಲಿಸಿ," ಎಂದ ಯಜಮಾನ. "ಬಿದ್ದವರನ್ನು ಎತ್ತಬಾರದು."

"ಯಾರು ಎತ್ತಿದರು ಸ್ವಾಮೀ?" ಎಂದ ಬಳೆಗಾರ ಏದುಸಿರು ಬಿಡುತ್ತಾ. "ನನ್ನ ಕೈ ಅವಳಿಗೆ ತಾಗಿದ್ದನ್ನು ನೋಡಿದಿರಾ? ನಾನು ದಾರಿಗೆ ಒಂದು ಕಲ್ಲು ಕೊಟ್ಟೆ. ದಾರಿಗೆ ಕಲ್ಲು ಕೊಡಬಾರದು ಅಂತ ನಿಯಮ ಇದ್ದರೆ ಡಂಗುರದವನು ಕೂಗಲಿ, ಕೇಳೋಣ."

ಎಲ್ಲರೂ ಡಂಗುರದವನನ್ನು ನೋಡಿದರು. ಡಂಗುರದವನು ಯಜಮಾನನನ್ನು ನೋಡಿದ. ಆಮೇಲೆ ಗುಂಡಿಯೊಳಗಿನ ಮುಖವನ್ನು ನೋಡಿದ. ತಮಟೆಯನ್ನು ಕುತ್ತಿಗೆಯಿಂದ ಬಿಚ್ಚಿ ಗೋಡೆಗೆ ಒರಗಿಸಿ ತನ್ನ ಮನೆಯ ಕಡೆ ನಡೆದ. ಬರುವಾಗ ಅವನ ತಲೆಯ ಮೇಲೆ ಬಾಗಿಲ ಮೆಟ್ಟಿಲಿತ್ತು.

ಆ ಮೇಲೆ ಬೆನ್ನ ಹಿಂದಿನ ಕೈಗಳು ಬಿಚ್ಚಿದವು. ಮನೆಗಳ ಒಳಗಿನಿಂದ ಹಾರೆಯ ಸದ್ದು ಕೇಳಿತು. ಬಟ್ಟೆ ಒಗೆಯುವ ಕಲ್ಲು ಬಂತು, ಸಾಬೂನಿನ ವಾಸನೆಯೊಂದಿಗೆ. ಹಿತ್ತಿಲ ಕಟ್ಟೆಯ ಹಾಸು ಬಂತು, ಅಡಿಯಲ್ಲಿ ಗೂಡು ಕಟ್ಟಿದ್ದ ಇರುವೆಗಳೊಂದಿಗೆ. ಕೊಟ್ಟಿಗೆಯಲ್ಲಿ ಹಸು ನಿಲ್ಲುತ್ತಿದ್ದ ಕಲ್ಲು ಬಂತು. ನೀರಿನ ತೊಟ್ಟಿಯ ಮುಚ್ಚಳ ಬಂತು. ಒಬ್ಬ ಮುದುಕ ತಾನು ದಿನವೂ ಕೂತು ಎಲೆ ಅಡಿಕೆ ಹಾಕುತ್ತಿದ್ದ ಕಲ್ಲನ್ನು, ಸುಣ್ಣದ ಕಲೆಯ ಸಮೇತ, ಮಗನ ಕೈಯಲ್ಲಿ ಹೊರಿಸಿಕೊಂಡು ಬಂದ. ಬಲಕ್ಕೆ ಒಂದು ಕಲ್ಲು ಇಳಿಯಿತು, ಸೂಲಗಿತ್ತಿ ಬಲಕ್ಕೆ ಸರಿದಳು. ಎಡಕ್ಕೆ ಒಂದು ಇಳಿಯಿತು, ಎಡಕ್ಕೆ ಸರಿದಳು. ಬಲಕ್ಕೆ ಇನ್ನೊಂದು, ಎಡಕ್ಕೆ ಇನ್ನೊಂದು. ಒಂದು ಕೈಯೂ ಅವಳನ್ನು ಮುಟ್ಟಲಿಲ್ಲ. ಒಂದು ಮಾತೂ ಅವಳ ಬಾಯಿಂದ ಹೊರಡಲಿಲ್ಲ. ಗುಂಡಿ ಅವಳನ್ನು ನಿಧಾನವಾಗಿ ಮೇಲಕ್ಕೆ ತಂದಿತು. ಮೊದಲು ಕೆದರಿದ ಕೂದಲು ಕಂಡಿತು, ಆಮೇಲೆ ಕೆಸರು ಒಣಗಿದ ಮುಖ, ಆಮೇಲೆ ಹೆಗಲು.

ಅಂಚಿನಲ್ಲಿ ಕೂತು ಮಗಳು ಮುಲುಗುತ್ತಿದ್ದಳು. "ತಡೆಯೇ, ಬಂದೆ," ಎನ್ನುತ್ತಿದ್ದಳು ತಾಯಿ. "ಈಗಲೇ ಮುಕ್ಕಬೇಡ. ಉಸಿರು ಬಿಡು. ಹಾಂ, ಹಾಗೆ. ಬಂದೆ."

ಕೊನೆಯ ಕಲ್ಲು ಕೂತಾಗ ಅವಳು ಬೀದಿಯ ಮಟ್ಟಕ್ಕೆ ಬಂದಿದ್ದಳು. ಒಂದು ಕಾಲೂರಿ ಎದ್ದು ನಿಂತಳು. ನಿಂತ ಮೇಲೆ ಅವಳು ಬಿದ್ದವಳಲ್ಲ. ಆದ್ದರಿಂದ ಹೆಗಲು ಕೊಡಬಹುದಾಗಿತ್ತು. ಎಷ್ಟು ಹೆಗಲುಗಳು ಬಂದವೆಂದರೆ, ಎರಡೇ ಕೈಗಳಿದ್ದ ಅವಳಿಗೆ ಯಾವುದನ್ನು ಹಿಡಿಯಬೇಕೆಂದು ತಿಳಿಯಲಿಲ್ಲ.

ಮನೆ ದೂರವಿತ್ತು. ನಡುವೆ ಗುಂಡಿಗಳಿದ್ದವು. ಒಬ್ಬಳು ಕಾಲು ಮುರಿದವಳು, ಒಬ್ಬಳು ಹೆರಿಗೆ ನೋವಿನವಳು. ಕಲ್ಲು ಹೊತ್ತು ಇನ್ನೂ ಬರುತ್ತಿದ್ದವರು ಒಂದು ಕ್ಷಣ ನಿಂತರು. ಆಮೇಲೆ ಮೊದಲಿನವನು ಅವರಿಬ್ಬರ ಮುಂದೆ ಹೋಗಿ, ಅವರು ಹೆಜ್ಜೆ ಇಡಬೇಕಾದಲ್ಲಿ ತನ್ನ ಕಲ್ಲನ್ನು ಇಟ್ಟ. ಅವರು ಅದರ ಮೇಲೆ ಕಾಲಿಟ್ಟಾಗ ಎರಡನೆಯವಳು ಅದರ ಮುಂದೆ ತನ್ನದನ್ನು ಇಟ್ಟಳು. ಹಾಗೆ ಇಡುತ್ತ, ಇಡುತ್ತ, ಮನೆಯ ಬಾಗಿಲಿನವರೆಗೆ ಹೋದರು. ಯಜಮಾನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಅವನನ್ನು ಹೊತ್ತು ತಂದಿದ್ದ ಆಳುಗಳು ಕಲ್ಲು ತರಲು ಹೋಗಿದ್ದರು. ಸಂಜೆಯವರೆಗೆ ಅವನು ಅಲ್ಲೇ ಕೂರಬೇಕಾಯಿತು.

ಹೆಣ್ಣು ಮಗು ಹುಟ್ಟಿತು. ಬಾಣಂತಿಗೆ ನೀರು ಹಾಕಲು ಬಚ್ಚಲಲ್ಲಿ ಕಲ್ಲಿರಲಿಲ್ಲ. ಹಲಗೆಯ ಮೇಲೆ ಕೂರಿಸಿ ಹಾಕಿದರು.

ಮಗು ನಡೆಯಲು ಕಲಿಯಿತು. ಅದರ ಹಿಂದಲೆಯ ಮೇಲೆ ಯಾರೂ ಕೈಯಿಡಲಿಲ್ಲ. ಇಡಲು ಬಂದವರ ಕೈಯನ್ನು ಸೂಲಗಿತ್ತಿ ತಳ್ಳಿದಳು. ಆದ್ದರಿಂದ ಅದು ತಲೆ ಎತ್ತಿ ನಡೆಯಿತು. ಜನ ಮೊದಮೊದಲು ಅದರ ಕತ್ತಿನಲ್ಲಿ ಏನೋ ಊನವಿದೆ ಎಂದುಕೊಂಡರು. ಎಣ್ಣೆ ಹಚ್ಚಿ ನೀವಿ, ಸರಿಹೋಗುತ್ತೆ, ಎಂದರು. ಅದು ಎಲ್ಲರ ಮುಖವನ್ನೂ ನೋಡಿ ನಗುತ್ತಿತ್ತು. ಮುಖ ನೋಡಿ ಯಾರಾದರೂ ನಕ್ಕರೆ ಏನು ಮಾಡಬೇಕೆಂದು ಆ ಊರಿನವರಿಗೆ ತಿಳಿಯದೆ, ತಾವೂ ನಗುತ್ತಿದ್ದರು.

ಅಷ್ಟರಲ್ಲಿ ಬೀದಿಗೆ ಬಹುಪಾಲು ಕಲ್ಲು ಮರಳಿ ಬಂದಿತ್ತು. ಒಂದು ಕಡೆ ಮಾತ್ರ ಇರಲಿಲ್ಲ. ಚಾವಡಿಯ ಎದುರಿಗೆ ಎಲ್ಲಕ್ಕಿಂತ ದೊಡ್ಡ ಗುಂಡಿ ಬಾಯಿ ತೆರೆದುಕೊಂಡಿತ್ತು. ಅಲ್ಲಿಗೆ ಬೇಕಾದ ಚಪ್ಪಡಿ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಯಜಮಾನ ಅದರ ಮೇಲೆ ಕೂರುತ್ತಿದ್ದ. ಅವನ ತಂದೆಯೂ ಅದರ ಮೇಲೆಯೇ ಕೂತಿದ್ದ.

ಒಂದು ಬೆಳಿಗ್ಗೆ ಸೂಲಗಿತ್ತಿ ಮೊಮ್ಮಗಳಿಗೆ ಬೆರಳು ಕೊಟ್ಟು, ಕುಂಟುತ್ತ, ಆ ಗುಂಡಿಯವರೆಗೆ ಬಂದು ನಿಂತಳು. ಕೈಯಲ್ಲಿ ಅಜ್ಜಿಯ ಬೆರಳಿಲ್ಲದಿದ್ದರೆ ಮಗು ಹಾಗೇ ನಡೆದುಬಿಡುತ್ತಿತ್ತು. ಅದು ಗುಂಡಿಯನ್ನು ನೋಡಲಿಲ್ಲ, ಜಗಲಿಯ ಮೇಲಿದ್ದ ಯಜಮಾನನ ಮುಖವನ್ನು ನೋಡಿ ನಕ್ಕಿತು.

"ಬಳಸಿಕೊಂಡು ಹೋಗು ತಾಯಿ," ಎಂದ ಯಜಮಾನ. "ಆ ಕಡೆ ಜಾಗ ಇದೆ."

"ಇದಕ್ಕೆ ಬಳಸೋದು ಕಲಿಸಿಲ್ಲ ಯಜಮಾನ್ರೇ."

"ಹಾಗಾದರೆ ಬೀಳುತ್ತೆ."

"ಬೀಳಲ್ಲ. ನಿಲ್ಲುತ್ತೆ. ನಾನೂ ನಿಲ್ತೀನಿ."

ನಿಂತರು. ಮರುದಿನವೂ ಬಂದು ನಿಂತರು. ಅದರ ಮರುದಿನ ಮಗಳು ಬಂದು ನಿಂತಳು, ಬಳೆಗಾರ ಬಂದು ನಿಂತ, ತಮಟೆಯಿಲ್ಲದೆ ಡಂಗುರದವನು ಬಂದು ನಿಂತ. ಹಿಂದೆ ಬಂದವರೆಲ್ಲ, ಬಳಸಿ ಹೋಗಲು ಜಾಗವಿದ್ದರೂ, ಬಳಸದೆ ನಿಂತರು. ಸಂತೆಗೆ ಹೋಗುವವರು ನಿಂತರು, ನೀರಿಗೆ ಹೋಗುವವರು ನಿಂತರು. ಬೀದಿ ತುಂಬಿತು. ಹಳೆಯ ಅಭ್ಯಾಸ, ನಿಂತವರ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಆದರೆ ಒಂದು ತಲೆಯೂ ಬಾಗಿರಲಿಲ್ಲ. ಎಲ್ಲರೂ ಯಜಮಾನನ ಮುಖವನ್ನು ನೋಡುತ್ತಿದ್ದರು. ಅವನ ಮುಖವನ್ನು ಅವರು ನೋಡಿದ್ದು ಅದೇ ಮೊದಲು. ಅದು ಸಾಮಾನ್ಯ ಮುಖ. ಸ್ವಲ್ಪ ಹೆದರಿದ್ದ ಮುಖ.

"ಏನು ಕಾಯ್ತಿದ್ದೀರಿ?" ಎಂದ ಯಜಮಾನ. "ನಾನೇನು ಬಿದ್ದಿದ್ದೀನಾ? ನನ್ನ ಬಾಯಿಂದ ಏನು ಹೇಳಿಸಬೇಕು ಅಂತಿದ್ದೀರಿ?"

"ಏನೂ ಹೇಳೋದು ಬೇಡ," ಎಂದಳು ಸೂಲಗಿತ್ತಿ. "ಎದ್ದರೆ ಸಾಕು."

ಬಿಸಿಲು ಜಗಲಿಯ ಅಂಚನ್ನು ದಾಟಿ ಒಳಗೆ ಬಂತು. ಯಾರೂ ಅಲುಗಲಿಲ್ಲ. ಮಗು ಮಾತ್ರ ಅಜ್ಜಿಯ ಬೆರಳನ್ನು ಜಗ್ಗುತ್ತಿತ್ತು. ಯಜಮಾನ ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಕೆಳಗೆ ನೋಡಿದ. ಕೆಳಗೆ ಅವನ ಕಲ್ಲಿತ್ತು.

ಅವನು ಎದ್ದ.

ಕೈಗಳು ಬೆನ್ನ ಹಿಂದಿನಿಂದ ಹೊರಗೆ ಬಂದವು. ಜಗಲಿಯಿಂದ ಚಪ್ಪಡಿಯನ್ನು ಬಿಡಿಸಿ, ಹೊತ್ತು ತಂದು, ಅದು ಹಿಂದೆ ಇದ್ದಲ್ಲೇ ಇಳಿಸಿದರು. ಅಂಚುಗಳು ಸರಿಯಾಗಿ ಕೂತವು. ಸೂಲಗಿತ್ತಿ ಬೆರಳು ಬಿಡಿಸಿಕೊಂಡಳು. ಮಗು ಬರಿಗಾಲಿನಲ್ಲಿ, ಮೇಲೆ ನೋಡುತ್ತಲೇ, ಚಪ್ಪಡಿಯ ಮೇಲೆ ಹೆಜ್ಜೆ ಇಟ್ಟಿತು.

ಕಲ್ಲು ಇನ್ನೂ ಬೆಚ್ಚಗಿತ್ತು.